ಯಾವ ದೇಶದ ರಸ್ತೆ ಸುರಕ್ಷಿತ? ಹೋಲಿಸುವ ಮೊದಲು ಇಷ್ಟು ನೋಡಿಕೊಳ್ಳಿ

ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬರುವ ನಮ್ಮ ಕಾಸರಗೋಡಿನವರಿಗೆ ಹೋಲಿಕೆ ಹೊಸದಲ್ಲ. ಆಕ್ಸಿಡೆಂಟ್ ಜಾಸ್ತಿ ಕೇರಳದಲ್ಲೋ ಕರ್ನಾಟಕದಲ್ಲೋ? 2022ರ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕೇರಳದ ಅಪಘಾತ 43,910, ಕರ್ನಾಟಕದ್ದು 39,762. ಸತ್ತವರು ಮಾತ್ರ ಕೇರಳದಲ್ಲಿ 4,317, ಕರ್ನಾಟಕದಲ್ಲಿ 11,702! ಸಣ್ಣಪುಟ್ಟ ಡಿಕ್ಕಿಯೂ ಠಾಣೆಯಲ್ಲಿ ದಾಖಲಾಗುವ ಕಡೆ ಅಪಘಾತದ ಸಂಖ್ಯೆ ತಾನಾಗಿ ಏರುತ್ತದೆ. ಹಾಗಾಗಿ ದೇಶಗಳನ್ನು ಹೋಲಿಸುವಾಗ ಅಪಘಾತ, ಗಾಯಾಳುಗಳ ಸಂಖ್ಯೆ ಪಕ್ಕಕ್ಕಿಡಿ. ಸಾವಿನಿಂದ ಶುರುಮಾಡಿ.

ಸಾವು ಅಂದರೂ ಎಷ್ಟು ದಿನದೊಳಗಿನದು ಅಂತ ಕೇಳಬೇಕು. ಅಪಘಾತವಾಗಿ 30 ದಿನದೊಳಗೆ ಸತ್ತವರನ್ನು ಎಣಿಸುವುದು ಈಗ ಅಂತರರಾಷ್ಟ್ರೀಯ ರೂಢಿ. ಜಪಾನ್ ಪೊಲೀಸರು 24 ಗಂಟೆಯ ಲೆಕ್ಕವನ್ನೂ ಕೊಡುತ್ತಾರೆ: 2022ರಲ್ಲಿ 2,610. ಅದೇ ವರ್ಷದ 30 ದಿನದ ಲೆಕ್ಕ 3,216. ಫ್ರಾನ್ಸ್ 2004ರವರೆಗೆ 6 ದಿನ ಅನ್ನುತ್ತಿತ್ತು.

ಇನ್ನು, ಆ ಸಾವು ಯಾರ ಪುಸ್ತಕಕ್ಕೆ ಬರುತ್ತದೆ? ಕೇರಳದ ಕಡೆಯ ಮಂಜೇಶ್ವರದ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರನ್ನು ಮಂಗಳೂರಿಗೆ ಒಯ್ದು, ಅವರು ಹತ್ತು ದಿನ ಐಸಿಯುನಲ್ಲಿದ್ದು ತೀರಿಕೊಂಡರು ಅಂದುಕೊಳ್ಳಿ. ಮರಣ ನೋಂದಣಿ ಕರ್ನಾಟಕದಲ್ಲಿ, ಕೇಸು ಮಂಜೇಶ್ವರದಲ್ಲಿ. ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಮುಟ್ಟಿ, ಗಾಯದ ಕೇಸು ಸಾವಿನ ಕೇಸಾಗಬೇಕು (ಅಜಾಗರೂಕತೆಯಿಂದಾದ ಸಾವಿನ ಕಲಂ: ಮೊದಲು ಐಪಿಸಿ 304ಎ, ಈಗ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 106). ಆಗದಿದ್ದರೆ ಪೊಲೀಸ್ ಲೆಕ್ಕದಲ್ಲಿ ಅವರು ಗಾಯಾಳುವೇ. ಇಂಥದ್ದನ್ನೆಲ್ಲ ಸರಿದೂಗಿಸಿ ವಿಶ್ವ ಆರೋಗ್ಯ ಸಂಸ್ಥೆ ತನ್ನದೇ ಅಂದಾಜು ಮಾಡುತ್ತದೆ. 2021ಕ್ಕೆ ಭಾರತದ ಸರ್ಕಾರಿ ಲೆಕ್ಕ 1,53,972. ಸಂಸ್ಥೆಯ ಅಂದಾಜು 2 ಲಕ್ಷಕ್ಕೂ ಮೇಲೆ. ಒಂದು ದೇಶಕ್ಕೆ ಪೊಲೀಸ್ ಲೆಕ್ಕ, ಇನ್ನೊಂದಕ್ಕೆ ಈ ಅಂದಾಜು ಅಂತ ಬೆರೆಸಲೇಬೇಡಿ.

ಆಮೇಲೆ ಭಾಗಾಕಾರ. 2022ರಲ್ಲಿ ಭಾರತದಲ್ಲಿ 1,68,491 ಸಾವು, ಅಂದರೆ ಲಕ್ಷ ಜನರಿಗೆ ಸುಮಾರು 12. ಅಮೆರಿಕದಲ್ಲಿ 42,514, ಲಕ್ಷಕ್ಕೆ ಸುಮಾರು 13. ಸ್ವೀಡನ್‌ನಲ್ಲಿ 227, ಲಕ್ಷಕ್ಕೆ ಎರಡು ಚಿಲ್ಲರೆ. ಹಾಗಾದರೆ ನಾವು ಅಮೆರಿಕಕ್ಕಿಂತ ವಾಸಿ ಅಂತಾಯ್ತಲ್ವಾ? ಇಲ್ಲ. ಅಲ್ಲಿ ಹೆಚ್ಚುಕಮ್ಮಿ ಮನೆಮನೆಗೂ ಕಾರು, ಓಡಾಟವೂ ವಿಪರೀತ. ರಸ್ತೆ ಎಷ್ಟು ಅಪಾಯ ಅಂತ ತಿಳಿಯಲು ವಾಹನಗಳು ಓಡಿದ ದೂರದಿಂದ ಭಾಗಿಸಬೇಕು. ಅಮೆರಿಕದಲ್ಲಿ 100 ಕೋಟಿ ಕಿಲೋಮೀಟರಿಗೆ ಸುಮಾರು 8 ಸಾವು. ನಮ್ಮ ದೇಶಕ್ಕೆ ನಂಬುವಂಥ ದೂರದ ಲೆಕ್ಕವೇ ಸಿಗುವುದಿಲ್ಲ, ಅದು ದೊಡ್ಡ ತಲೆನೋವು. ವಾಹನಗಳ ಸಂಖ್ಯೆಯಿಂದ ಭಾಗಿಸೋಣ ಅಂದರೆ, ಗುಜರಿ ಸೇರಿದ ಎಷ್ಟೋ ಬೈಕುಗಳು ಆರ್‌ಟಿಒ ದಾಖಲೆಯಲ್ಲಿ ಇನ್ನೂ ಓಡುತ್ತಿವೆ. ಜನಸಂಖ್ಯೆಯ ದರವನ್ನೇ ಬಳಸಿ, ಆದರೆ ಅದು ಊರಿಗಾದ ನಷ್ಟದ ಲೆಕ್ಕ, ರಸ್ತೆಯ ಗುಣದ್ದಲ್ಲ ಅಂತ ಪಕ್ಕದಲ್ಲೇ ಬರೆದುಬಿಡಿ.

ಸತ್ತವರು ಯಾರು ಅಂತಲೂ ಬಿಡಿಸಿ ನೋಡಿ. 2022ರಲ್ಲಿ ನಮ್ಮಲ್ಲಿ ಸತ್ತವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕಾರಿನವರೇ ಜಾಸ್ತಿ ಇರುವ ದೇಶದ ಪಕ್ಕ ಸುಮ್ನೆ ಒಟ್ಟು ಸಂಖ್ಯೆ ಇಟ್ಟರೆ ಏನೂ ಗೊತ್ತಾಗದು. ಸಣ್ಣ ದೇಶ ಅಥವಾ ಜಿಲ್ಲೆಯಾದರೆ ಒಂದು ವರ್ಷ ಸಾಲದು, ಐದು ವರ್ಷದ ಸರಾಸರಿ ತೆಗೆಯಿರಿ. 2020 ಲಾಕ್‌ಡೌನ್ ವರ್ಷ. ಏರಿಕೆ ಇಳಿಕೆ ಅಳೆಯಲು ಅದನ್ನು ಆರಂಭದ ವರ್ಷವಾಗಿ ಹಿಡಿಯಬೇಡಿ.