ಮುಧೋಳ ನಾಯಿಗೆ ಹೊಟ್ಟೆ ಬರೆದ ತಪ್ಪು

ಮುಧೋಳದ ಒಂದು ಮನೆಯವರು ಆರು ವರ್ಷದ ಮಗಳ ಚಿತ್ರ ಬರೆದುಕೊಡಿ ಅಂದರು. ಪಕ್ಕದಲ್ಲಿ ಅವರ ನಾಯಿಯೂ ಇರಬೇಕು. ಅಲ್ಲಿ ನಾಯಿ ಅಂದ್ರೆ ಇನ್ಯಾವುದು, ಮುಧೋಳ ನಾಯಿಯೇ. 18×24 ಇಂಚಿನ ಕ್ಯಾನ್ವಾಸ್, ಎಣ್ಣೆ ಬಣ್ಣ ಅಂತ ಮಾತಾಯಿತು.

ಚುರಮುರಿ ಕೊಟ್ಟರೆ ಹುಡುಗಿ ಹತ್ತು ನಿಮಿಷ ಕೂತಿರುತ್ತಿದ್ದಳು. ನಾಯಿ ಮಾತ್ರ ಓಣಿಯಲ್ಲಿ ಸೈಕಲ್ ಸದ್ದಾದರೂ ಎದ್ದು ಹೋಗುತ್ತಿತ್ತು. ಹಾಗಾಗಿ ಫೋಟೊ ತೆಗೆದೆ. ಮೊದಲಿನವು ಪೂರಾ ವೇಸ್ಟ್. ಹತ್ತಿರ ನಿಂತು ಮೇಲಿನಿಂದ ತೆಗೆದಿದ್ದೆ, ಮೂತಿ ದೊಡ್ಡದಾಗಿ ಕಾಲು ಗಿಡ್ಡ ಬಂದಿದ್ದವು. ಆಮೇಲೆ ಅಂಗಳದಲ್ಲಿ ಮಂಡಿಯೂರಿ, ನಾಯಿಯ ಕಣ್ಣಿನ ಮಟ್ಟಕ್ಕೆ ಮೊಬೈಲ್ ಹಿಡಿದು, ದೂರದಿಂದ ತೆಗೆದಾಗ ಅಳತೆ ಸರಿಹೋಯಿತು.

ಬರೆಯುವಾಗ ಬೇಡದ ಜಾಣತನ ಮಾಡಿದೆ. ಪಕ್ಕೆಲುಬು ಕಾಣುತ್ತಿತ್ತು. ನಡುಮನೆಯಲ್ಲಿ ತೂಗುಹಾಕುವ ಚಿತ್ರ, ನಾಯಿ ಉಪವಾಸ ಇದ್ದಂಗೆ ಕಾಣಬಾರದು ಅಂತ ಸುಮ್ನೆ ಹೊಟ್ಟೆ ತುಂಬಿಸಿದೆ. ಹುಡುಗಿಯ ಅಜ್ಜ ನೋಡಿದರು.

"ಇದು ನಮ್ಮ ನಾಯಿ ಅಲ್ರಿ. ಇದು ಬೆನ್ನ ಹತ್ತಿದ್ರ ಮೊಲ ನಿಂತು ನಗ್ತಾವು. 2005ರಾಗ ಅಂಚಿ ಸ್ಟಾಂಪಿನ ಮ್ಯಾಲ ಬಂದ ಜಾತಿರಿ, ಮಾನಾ ಕಳೀಬ್ಯಾಡ್ರಿ!"

ನನ್ನ ಕೈ ಹಿಡಿದು ನಾಯಿಯ ಮೈಮೇಲೆ ಆಡಿಸಿದರು. ಇಳಿದ ಎದೆ, ಒಳಗೆ ಸೆಳೆದುಕೊಂಡ ಹೊಟ್ಟೆ, ಬೆನ್ನ ಕೊನೆಗೆ ಎದ್ದು ನಿಂತ ಸೊಂಟದ ಎಲುಬು. ಪುಣ್ಯಕ್ಕೆ ಮೂರು ದಿನದ ಬಣ್ಣ ಇನ್ನೂ ಹಸಿ ಇತ್ತು. ಪ್ಯಾಲೆಟ್ ಚಾಕುವಿನಿಂದ ಹೊಟ್ಟೆ ಕೆರೆದು ತೆಗೆದೆ. ಬೇಗ ಒಣಗುವ ಅಕ್ರಿಲಿಕ್ ಬಣ್ಣ ಆಗಿದ್ದರೆ ಅಷ್ಟು ಸುಲಭಕ್ಕೆ ಬರುತ್ತಿರಲಿಲ್ಲ.

ಜಾಸ್ತಿ ಹೊತ್ತು ತಿಂದದ್ದು ನಾಯಿಯ ಕುತ್ತಿಗೆ ಮೇಲಿದ್ದ ಹುಡುಗಿಯ ಬೆರಳುಗಳು. ಮೈಬಣ್ಣ, ನಾಯಿಯ ಕಂದು ಎರಡೂ ಹತ್ತಿರ ಹತ್ತಿರ. ಯೆಲ್ಲೋ ಓಕರ್ ಅನ್ನೋ ಮಣ್ಣಿನ ಹಳದಿ, ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು, ಬಿಳಿ, ಇವೇ ಎರಡಕ್ಕೂ ನಡೆದವು. ಬೆರಳಿಗೆ ಚೂರು ಕೆಂಪು ಸೇರಿಸಿದೆ. ಆಕಾಶದ ಬೆಳಕು ಬೀಳುವ ನಾಯಿಯ ಬೆನ್ನಿಗೆ ಚೂರು ನೀಲಿ. ಆದರೂ ಕೈ ಕತ್ತರಿಸಿ ಅಂಟಿಸಿದಂತಿತ್ತು, ಬೆರಳಿನ ಸುತ್ತ ಗೆರೆ ಗಟ್ಟಿಯಾಗಿದ್ದಕ್ಕೆ. ಒಣ ಬ್ರಷ್‌ನಿಂದ ಅಂಚು ಸವರಿ ಮಸುಕು ಮಾಡಿದೆ. ಬೆರಳಿನ ಅಡಿಯ ನೆರಳನ್ನು ಮಾತ್ರ ಕಡುವಾಗಿ ಬಿಟ್ಟೆ. ಆಗ ಕೈ ಭಾರ ಬಿಟ್ಟು ಕೂತಿತು.

ಕೂದಲು ಒಂದೂ ಬರೆಯಲಿಲ್ಲ. ಈ ಜಾತಿಗೆ ಮೈಗಂಟಿದ ಗಿಡ್ಡ ಕೂದಲು. ಎಳೆ ಎಳೆಯಾಗಿ ಬರೆದರೆ ಕರಡಿ ಆಗುತ್ತೆ ಅಷ್ಟೆ. ಭುಜದ ಮೇಲೆ ಎರಡು ಮೂರು ಹೊಳಪಿನ ಎಳೆತ ಸಾಕಾಯಿತು.

ಆರು ತಿಂಗಳು ಬಿಟ್ಟು ವಾರ್ನಿಶ್ ಹಚ್ಚಲು ಹೋದೆ. ಚಿತ್ರದಲ್ಲಿದ್ದ ಎರಡು ಮುಂದಿನ ಹಲ್ಲು ಹುಡುಗಿಯ ಬಾಯಲ್ಲಿರಲಿಲ್ಲ. ಅವನ್ನೂ ಕೆರೆದು ತೆಗೀರಿ ಅಂದಳು.