ಗ್ರಾಮ ಪಂಚಾಯಿತಿಯ ಜಮಾಬಂದಿಗೆ ಸಿದ್ಧರಾಗುವುದು ಹೇಗೆ

ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮೊದಲೇ ಕರ್ನಾಟಕದಲ್ಲಿ ಅಧಿಕಾರ ಹಳ್ಳಿಯತ್ತ ಇಳಿಯತೊಡಗಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬ್ ಅವರ ಮುತುವರ್ಜಿಯಿಂದ ಬಂದ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆದಿತ್ತು. ಆದರೆ ಹಣ ಊರಿಗೆ ಬಂದು, ಅದರ ಲೆಕ್ಕ ಕೇಳುವವರು ಊರಿನಲ್ಲಿ ಇಲ್ಲದಿದ್ದರೆ ವಿಕೇಂದ್ರೀಕರಣದಿಂದ ಆಡಳಿತ ಸುಧಾರಿಸುವುದಿಲ್ಲ. ಲೆಕ್ಕ ಕೇಳಲು ಗ್ರಾಮಸ್ಥರಿಗಿರುವ ಅತ್ಯುತ್ತಮ ಅವಕಾಶ ಜಮಾಬಂದಿ ಎಂಬ ವಾರ್ಷಿಕ ಲೆಕ್ಕ ಪರಿಶೀಲನೆ. ಬಹುತೇಕ ಊರುಗಳಲ್ಲಿ ಅದು ಸಹಿ ಹಾಕಿ, ಚಹಾ ಕುಡಿದು ಮುಗಿಯುವ ಕಾರ್ಯಕ್ರಮವಾಗಿರುವುದಕ್ಕೆ ನಮ್ಮ ಸಿದ್ಧತೆಯ ಕೊರತೆಯೂ ಕಾರಣ.

2004ರ ನಿಯಮಗಳಂತೆ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ ನಡೆಯಬೇಕು. ಹಿಂದಿನ ಆರ್ಥಿಕ ವರ್ಷದ ಲೆಕ್ಕಪತ್ರ ಹಾಗೂ ಕಾಮಗಾರಿಗಳನ್ನು ಮೇಲಿನ ಹಂತದಿಂದ ಬಂದ ಅಧಿಕಾರಿ ಜನರ ಸಮ್ಮುಖದಲ್ಲಿ ಪರಿಶೀಲಿಸುತ್ತಾರೆ. ದಿನಾಂಕ ಯಾವುದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು, ಜುಲೈನಲ್ಲೇ ಲಿಖಿತವಾಗಿ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆದುಕೊಳ್ಳಿ.

ದಾಖಲೆಗಳನ್ನು ಮೊದಲೇ ಓದುವುದೇ ನಿಜವಾದ ಕೆಲಸ. ಕ್ರಿಯಾ ಯೋಜನೆ (ವರ್ಷದ ಕಾಮಗಾರಿಗಳ ಪಟ್ಟಿ), ಅಂದಾಜು ಪಟ್ಟಿ (ಕಾಮಗಾರಿಯ ನಿರೀಕ್ಷಿತ ವೆಚ್ಚ), ಅಳತೆ ಪುಸ್ತಕ (ಮುಗಿದ ಕೆಲಸದ ಅಳತೆಯ ದಾಖಲೆ), ವೋಚರ್ (ಹಣ ಪಾವತಿಯ ದಾಖಲೆ) ಈ ನಾಲ್ಕನ್ನೂ ಒಂದೇ ಕಾಮಗಾರಿಗೆ ಹೊಂದಿಸಿ ನೋಡಿದಾಗ ಮಾತ್ರ ತಪ್ಪು ಕಣ್ಣಿಗೆ ಬೀಳುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸರಿಯಾಗಿಯೇ ಕಾಣುತ್ತದೆ. ಪ್ರತಿಗಳನ್ನು ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿ. ಉತ್ತರಕ್ಕೆ 30 ದಿನಗಳ ಅವಧಿ ಇರುವುದರಿಂದ ಜುಲೈ ಮೊದಲ ವಾರ ದಾಟಬಾರದು; ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳೊಳಗೆ ಇರಬೇಕು. ಹತ್ತು ಕಾಮಗಾರಿಗಳ ವಿವರವನ್ನು ಒಂದೇ ಅರ್ಜಿಯಲ್ಲಿ ತುಂಬಿಸಿ ತಿರಸ್ಕಾರಕ್ಕೆ ನಾವೇ ಕಾರಣ ಒದಗಿಸಿಕೊಡುವುದು ಬೇಡ.

ನಂತರ ಟೇಪು ಹಿಡಿದು ಸ್ಥಳಕ್ಕೆ ಹೋಗಿ. ಅಳತೆ ಪುಸ್ತಕದಲ್ಲಿ ಬರೆದ ಚರಂಡಿಯ ಉದ್ದ ಮತ್ತು ಆಳವನ್ನು ನೆಲದಲ್ಲಿರುವ ಚರಂಡಿಯೊಂದಿಗೆ ತಾಳೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಹಣದ ಮೂಲವನ್ನೂ ಗಮನಿಸಬೇಕು: 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಆ ಹಣ ಬೇರೆ ಕೆಲಸಕ್ಕೆ ಹೋಗಿದ್ದರೆ, ಆ ಕೆಲಸ ಎಷ್ಟೇ ಚೆನ್ನಾಗಿದ್ದರೂ, ಅದು ಆಕ್ಷೇಪಣೆಗೆ ಅರ್ಹ. ಮನೆ ಕಂದಾಯದ ಬೇಡಿಕೆ, ವಸೂಲಿ ಮತ್ತು ಬಾಕಿಯ ಪಟ್ಟಿಯನ್ನೂ ಕೇಳಿ ಪಡೆಯಿರಿ. ದೊಡ್ಡ ಕಟ್ಟಡಗಳ ಬಾಕಿ ವರ್ಷಗಟ್ಟಲೆ ಉಳಿದಿರುವುದು ಅಲ್ಲೇ ಗೊತ್ತಾಗುತ್ತದೆ. ಸ್ವಂತ ಕಂದಾಯ ಕಟ್ಟದೆ ಪ್ರಶ್ನೆ ಕೇಳಲು ಹೋದರೆ ಮೊದಲ ಉತ್ತರ ಯಾವುದೆಂದು ಹೇಳಬೇಕಾಗಿಲ್ಲ.

ಜಮಾಬಂದಿಯ ದಿನ ಭಾಷಣ ಬೇಡ. ಮೂರೋ ನಾಲ್ಕೋ ಕಾಮಗಾರಿಗಳನ್ನಷ್ಟೇ ಆಯ್ದು, ದಾಖಲೆಯ ಪುಟಸಂಖ್ಯೆ ಸಹಿತ ಆಕ್ಷೇಪಣೆಯನ್ನು ಬರೆದುಕೊಡಿ ಮತ್ತು ಅಧಿಕಾರಿ ಸ್ಥಳಕ್ಕೆ ಬಂದು ಅಳತೆ ಮಾಡಬೇಕೆಂದು ಒತ್ತಾಯಿಸಿ. ಆಕ್ಷೇಪಣೆಯನ್ನು ಸದಸ್ಯರ ಮೇಲಿನ ದೂರಿನ ರೂಪದಲ್ಲಿ ಬರೆಯದೆ ಕಾಮಗಾರಿಯ ಹೆಸರಿನಲ್ಲಿ ಬರೆದರೆ ಊರಿನ ಪಕ್ಷ-ಪಂಗಡಗಳ ಜಗಳಕ್ಕೆ ಅದು ಸಿಲುಕುವುದು ಕಡಿಮೆ.

ವರದಿ ಬಂದ ಮೇಲೆ ಅದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ಪ್ರತಿ ಆಕ್ಷೇಪಣೆಗೂ ಯಾರು, ಯಾವ ದಿನಾಂಕದೊಳಗೆ ಉತ್ತರಿಸಬೇಕೆಂದು ನಡಾವಳಿಯಲ್ಲಿ ದಾಖಲಿಸಿ. ಗಡುವು ಮೀರಿದರೆ ಆ ನಡಾವಳಿಯ ಪ್ರತಿಯೊಂದಿಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ದೂರು ಸಲ್ಲಿಸಬಹುದು.