ನೋಡಿದ ಸಿನಿಮಾವನ್ನು ಬರೆದಿಡುವ ಬಗೆ: ನನ್ನ ಅನುಭವ

ಸಿನಿಮಾ ಮುಗಿದ ಕೂಡಲೇ ‘ಚೆನ್ನಾಗಿತ್ತು’ ಅನ್ನುವ ಮಾತು ಬಾಯಿಗೆ ಬಂದುಬಿಡುತ್ತದೆ. ಆ ಮಾತು ಆಡಿದ ಮೇಲೆ ಕಂಡದ್ದು ಒಂದೊಂದಾಗಿ ಮರೆಯತೊಡಗುತ್ತದೆ, ಮಾತೊಂದೇ ಉಳಿಯುತ್ತದೆ. ಅದಕ್ಕೇ ನನ್ನ ಸಿನಿಮಾ ಪುಸ್ತಕದಲ್ಲಿ ಮೊದಲು ಬರುವುದು ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು. ಎಡಪುಟ ಪೂರ್ತಿ ಅದಕ್ಕೆ. ಬಲಪುಟವನ್ನು ಮೂರು ದಿನ ಖಾಲಿ ಬಿಡುತ್ತೇನೆ, ಅಭಿಪ್ರಾಯ ಆಮೇಲೆ ಅಲ್ಲಿ ಬರುತ್ತದೆ.

ಥಿಯೇಟರಿಗೆ ಒಯ್ಯುವುದು ಅಂಗೈಯಗಲದ, ಮೇಲ್ಗಡೆ ಸ್ಪೈರಲ್ ಇರುವ ಪುಸ್ತಕ ಮತ್ತು ಮೊಂಡು ಮಾಡಿದ ಪೆನ್ಸಿಲ್. ಬಾಲ್‌ಪೆನ್ ಬೇಡ. ಪುಸ್ತಕವನ್ನು ಎತ್ತಿ ಹಿಡಿದು ಬರೆದರೆ ಇಂಕು ಇಳಿಯುವುದಿಲ್ಲ, ಕತ್ತಲಲ್ಲಿ ಅದು ಗೊತ್ತೂ ಆಗುವುದಿಲ್ಲ, ಮನೆಗೆ ಬಂದು ನೋಡಿದರೆ ಬರೀ ಗೀರು. ಮೊಬೈಲ್ ತೆರೆಯಲೇಬಾರದು. ಪಕ್ಕದವರಿಗೆ ತೊಂದರೆ ಅನ್ನುವುದು ಒಂದು, ಆ ಬೆಳಕು ಬಿದ್ದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ ಅನ್ನುವುದು ಇನ್ನೊಂದು. ಅಷ್ಟೂ ಹೊತ್ತು ಪರದೆಯ ಕಪ್ಪು ಭಾಗದಲ್ಲಿ ಏನಿದೆ ಎಂದು ಕಾಣುವುದಿಲ್ಲ.

ಕತ್ತಲಲ್ಲಿ ಸಾಲಿನ ಮೇಲೆ ಸಾಲು ಬೀಳದಂತೆ ನೋಡಿಕೊಳ್ಳಲು ಎಡಗೈ ಹೆಬ್ಬೆರಳೇ ಸಾಕು. ಬರೆಯುವ ಸಾಲಿನ ಅಂಚಿಗೆ ಅದನ್ನು ಒತ್ತಿ ಹಿಡಿದು, ಒಂದು ಟಿಪ್ಪಣಿ ಮುಗಿದ ಮೇಲೆ ಎರಡು ಬೆರಳಗಲ ಕೆಳಗೆ ಸರಿಸಬೇಕು. ಪುಟಕ್ಕೆ ಐದು ಟಿಪ್ಪಣಿ, ಅಷ್ಟೇ. ವಾಕ್ಯ ಬರೆಯಲು ಹೋಗಬಾರದು, ‘ಬಾವಿ, ಹಗ್ಗ, ಕೈ ತಡೆಯಿತು’ ಎಂದರೆ ಆಯಿತು. ಹಾಡು ಶುರುವಾದರೆ ಒಂದು ‘ಹಾ’, ಇಂಟರ್‌ವಲ್‌ಗೆ ಅಡ್ಡಗೆರೆ. ಯಾವ ಟಿಪ್ಪಣಿ ಎಲ್ಲಿಯದು ಎಂದು ರಾತ್ರಿ ಹೊಂದಿಸುವಾಗ ಈ ಗುರುತುಗಳೇ ಮೈಲಿಗಲ್ಲು. ಎರಡೂವರೆ ಗಂಟೆಯ ಸಿನಿಮಾಕ್ಕೆ 25 ಟಿಪ್ಪಣಿ ದಾಟಿದರೆ ನೋಡುವುದು ಬಿಟ್ಟು ಬರೆಯುತ್ತ ಕೂತಿದ್ದೇನೆ ಎಂದೇ ಅರ್ಥ.

ಮಲಗುವ ಮುಂಚೆ ಅದನ್ನು ದೊಡ್ಡ ಪುಸ್ತಕಕ್ಕೆ ಬಿಡಿಸಿ ಬರೆಯಬೇಕು. ಬೆಳಿಗ್ಗೆಗೆ ಬಿಟ್ಟರೆ ಅರ್ಧ ಟಿಪ್ಪಣಿಗಳು ನನಗೇ ಅರ್ಥವಾಗುವುದಿಲ್ಲ. ಎಡಪುಟದಲ್ಲಿ ಅದ್ಭುತ, ಸಹಜ, ನೈಜ, ಮನಮುಟ್ಟುವ, ಭಾವಪೂರ್ಣ ಎಂಬ ಐದು ಮಾತುಗಳಿಗೆ ಪ್ರವೇಶವಿಲ್ಲ. ‘ತಾಯಿಯ ಪಾತ್ರಧಾರಿಯದು ಸಹಜ ಅಭಿನಯ’ ಎಂದು ಬರೆದರೆ ಮುಂದಿನ ವರ್ಷ ಓದಿದಾಗ ಏನೂ ಕಾಣುವುದಿಲ್ಲ. ಅದೇ ‘ಒಲೆ ಊದುತ್ತಾಳೆ. ಎರಡು ಸಲ ಊದಿ ಮೂರನೆಯ ಸಲ ಊದುಗೊಳವೆ ಬಾಯಿಗೆ ಹಿಡಿದು ಹಾಗೇ ನಿಲ್ಲುತ್ತಾಳೆ. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಹೊಗೆಗೋ ಮಗನ ಮಾತಿಗೋ ತಿಳಿಯುವುದಿಲ್ಲ’ ಎಂದು ಬರೆದಿದ್ದರೆ ನಟಿ ಮಾಡಿದ್ದೇನು ಎಂಬುದು ಉಳಿಯುತ್ತದೆ. ಅದು ಯಾಕೆ ಚೆಂದ ಎಂದು ಬಲಪುಟದಲ್ಲಿ ವಾದಿಸಲು ಆಧಾರವೂ ಸಿಗುತ್ತದೆ.

ಹಳೆಯ ಕನ್ನಡ ಸಿನಿಮಾಗಳನ್ನು ಈಗ ಹೆಚ್ಚಾಗಿ ಯೂಟ್ಯೂಬಿನಲ್ಲೇ ನೋಡುತ್ತೇವೆ. ಅಲ್ಲಿ ಮೊದಲ ಕೆಲಸ, ನಾವು ನೋಡುತ್ತಿರುವುದು ಪೂರ್ತಿ ಸಿನಿಮಾವೋ ಅಲ್ಲವೋ ಎಂದು ತಿಳಿಯುವುದು. ಶುರುವಿನ ಸೆನ್ಸಾರ್ ಸರ್ಟಿಫಿಕೇಟನ್ನು ಯಾರೂ ಓದುವುದಿಲ್ಲ, ಆದರೆ ಉತ್ತರ ಇರುವುದು ಅದರಲ್ಲೇ. ರೀಲಿನ ಕಾಲದ ಸರ್ಟಿಫಿಕೇಟಿನಲ್ಲಿ ಸಿನಿಮಾದ ಉದ್ದ ಹೆಚ್ಚಾಗಿ ಮೀಟರಿನಲ್ಲಿರುತ್ತದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು (ಬಿಡಿ ಚಿತ್ರ), ಸೆಕೆಂಡಿಗೆ ಓಡುವುದು 24 ಫ್ರೇಮು. ಅಂದರೆ ನಿಮಿಷಕ್ಕೆ 90 ಅಡಿ, ಸುಮಾರು 27.43 ಮೀಟರ್. ಸರ್ಟಿಫಿಕೇಟಿನಲ್ಲಿ 4115 ಮೀಟರ್ ಎಂದಿದ್ದರೆ ಅದನ್ನು 27.43ರಿಂದ ಭಾಗಿಸಿ: 150 ನಿಮಿಷ. ನಿಮ್ಮ ಮುಂದಿರುವ ಪ್ರತಿಯು 131 ನಿಮಿಷದ್ದಾದರೆ 19 ನಿಮಿಷ ಎಲ್ಲೋ ಕಳೆದುಹೋಗಿದೆ. ಸಾಮಾನ್ಯವಾಗಿ ಹೋಗಿರುವುದು ಒಂದೆರಡು ಹಾಡು, ಹಾಸ್ಯದ ಭಾಗ, ರೀಲು ಬದಲಾಗುವ ಕಡೆಯ ಸವೆದ ತುದಿಗಳು. ಇದನ್ನು ನೋಡದೆ ‘ಚಿತ್ರಕಥೆ ಅಲ್ಲಲ್ಲಿ ಜಿಗಿಯುತ್ತದೆ’ ಎಂದು ಬರೆದರೆ, ಕತ್ತರಿಸಿದವನ ತಪ್ಪನ್ನು ನಿರ್ದೇಶಕನ ತಲೆಗೆ ಕಟ್ಟಿದಂತಾಗುತ್ತದೆ. ಸರ್ಟಿಫಿಕೇಟಿನಲ್ಲಿ ತ್ರಿಕೋನದ ಗುರುತಿದ್ದರೆ ಸೆನ್ಸಾರ್ ಮಂಡಳಿಯೇ ಕೆಲವು ಭಾಗ ಕತ್ತರಿಸಲು ಹೇಳಿತ್ತು ಎಂದು ತಿಳಿಯಬೇಕು.

ಇದೇ 150 ನಿಮಿಷದ ಸಿನಿಮಾ 144 ನಿಮಿಷ ತೋರಿಸಿದರೆ ಗಾಬರಿ ಬೇಡ. ನಮ್ಮ ಟಿವಿ, ಹಲವು ಡಿವಿಡಿಗಳು ನಡೆದದ್ದು ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ. 24ರದ್ದನ್ನು 25ಕ್ಕೆ ಓಡಿಸಿದಾಗ ಸಿನಿಮಾ ಶೇ 4ರಷ್ಟು ಬೇಗ ಮುಗಿಯುತ್ತದೆ. ಅದನ್ನು ಕಂಡುಹಿಡಿಯಲು ಕಿವಿ ಸಾಕು: ಹಾಡಿನ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಮನೆಯಷ್ಟು ಏರಿರುತ್ತದೆ. ಅದೇ ಹಾಡಿನ ಧ್ವನಿಮುದ್ರಿಕೆಯನ್ನು ಪಕ್ಕದಲ್ಲಿ ಹಾಕಿ ತಂಬೂರಿ ಆ್ಯಪ್‌ನಲ್ಲಿ ಎರಡರ ಷಡ್ಜವನ್ನೂ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಚಿತ್ರದ ಆಕಾರದ್ದು ಇನ್ನೊಂದು ಕಾಟ. ಅಗಲ ಎತ್ತರ 4:3 ಇರುವ ಸಿನಿಮಾವನ್ನು ಈಗಿನ ಅಗಲ ಪರದೆಯ 16:9ಕ್ಕೆ ಎಳೆದು ಹಾಕಿರುತ್ತಾರೆ, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿರುತ್ತಾರೆ. ಪರೀಕ್ಷೆ ಸುಲಭ. ಗಾಡಿಯ ಚಕ್ರ, ಊಟದ ತಟ್ಟೆ, ಹಣೆಯ ಕುಂಕುಮ, ಹೀಗೆ ಗುಂಡಗಿರಬೇಕಾದ್ದು ಮೊಟ್ಟೆಯಾಗಿ ಕಂಡರೆ ಎಳೆದಿದ್ದಾರೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ‘ಎ’ ಕೀ ಒತ್ತುತ್ತ ಹೋದರೆ 4:3 ಬರುತ್ತದೆ, ಮುಖಗಳು ಸರಿಯಾಗುತ್ತವೆ. ಟೈಟಲ್ ಕಾರ್ಡಿನ ಮೊದಲ ಸಾಲಿನ ತಲೆಕಟ್ಟು ಹಾರಿಹೋಗಿದ್ದರೆ ಅದು ಕತ್ತರಿಸಿದ ಪ್ರತಿ, ಅದಕ್ಕೆ ಮದ್ದಿಲ್ಲ. ಅಂಥ ಪ್ರತಿ ನೋಡಿ ಛಾಯಾಗ್ರಹಣದ ಬಗ್ಗೆ ಒಂದಕ್ಷರವನ್ನೂ ನಾನು ಬರೆಯುವುದಿಲ್ಲ.

ಸಂಕಲನದ ವೇಗ ತಿಳಿಯಲು ಎರಡನೆಯ ಸಲ ನೋಡುವಾಗ ಹತ್ತು ಹತ್ತು ನಿಮಿಷದ ಮೂರು ತುಂಡು ಆರಿಸಿ, ಕಟ್ ಬಿದ್ದಾಗಲೆಲ್ಲ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಬಂದಾಗಲೆಲ್ಲ, ಒಂದು ಗೀಟು ಎಳೆಯುತ್ತೇನೆ. 600 ಸೆಕೆಂಡಿಗೆ 75 ಶಾಟ್ ಆದರೆ ಸರಾಸರಿ 8 ಸೆಕೆಂಡು. ಹಾಡುಗಳದ್ದು ಬೇರೆ ಲೆಕ್ಕ. ಅದನ್ನೂ ಇದರೊಳಗೆ ಸೇರಿಸಿದರೆ ಸರಾಸರಿ ಕೆಡುತ್ತದೆ.

ಧ್ವನಿಗೆ ಪರದೆ ಆರಿಸಿ ಐದು ನಿಮಿಷ ಬರೀ ಕೇಳಬೇಕು. ಆಮೇಲೆ ಅದೇ ಭಾಗವನ್ನು ಚಿತ್ರದೊಂದಿಗೆ ನೋಡಬೇಕು. ಮನುಷ್ಯ ದೂರದ ಗದ್ದೆಯ ಬದುವಿನಲ್ಲಿದ್ದು ಮಾತು ಮಾತ್ರ ಕಿವಿಯ ಪಕ್ಕದಲ್ಲೇ ಕೇಳಿಸಿದರೆ ಅದು ಡಬ್ಬಿಂಗ್ ಕೋಣೆಯ ಧ್ವನಿ. ಹಾಡಿನಲ್ಲಿ ಸೆರಗು ನಿಧಾನ ಹಾರುತ್ತಿದ್ದು ತುಟಿ ಮಾತ್ರ ಸಾಹಿತ್ಯಕ್ಕೆ ಸರಿಯಾಗಿ ಕೂಡುತ್ತಿದ್ದರೆ, ಚಿತ್ರೀಕರಣದಲ್ಲಿ ಹಾಡನ್ನು ಬೇಗ ಓಡಿಸಿ ಕ್ಯಾಮೆರಾವನ್ನೂ ಅಷ್ಟೇ ಬೇಗ ಓಡಿಸಿದ್ದಾರೆ. ಸೆಕೆಂಡಿಗೆ 48 ಫ್ರೇಮು ಹಿಡಿದಿದ್ದರೆ ಹಾಡೂ ಇಮ್ಮಡಿ ವೇಗದಲ್ಲಿ ಓಡಿರಬೇಕು. ಆ ವೇಗಕ್ಕೆ ತುಟಿ ಕೂಡಿಸುವುದು ನಟರಿಗೆ ಎಷ್ಟು ಕಷ್ಟ ಎಂದು ತಿಳಿದಿದ್ದರೆ ಹಾಡು ನೋಡುವ ಕಣ್ಣೇ ಬೇರೆಯಾಗುತ್ತದೆ.

ಕಾದಂಬರಿ ಆಧಾರಿತ ಸಿನಿಮಾವಾದರೆ ಮೊದಲು ಸಿನಿಮಾ, ಆಮೇಲೆ ಪುಸ್ತಕ. ತಿರುಗಿಸಿದರೆ ಎರಡೂವರೆ ಗಂಟೆಯೂ ಪುಸ್ತಕದಲ್ಲಿದ್ದು ಸಿನಿಮಾದಲ್ಲಿಲ್ಲದ್ದನ್ನು ಹುಡುಕುವುದರಲ್ಲೇ ಹೋಗುತ್ತದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಈ ಅಭ್ಯಾಸಕ್ಕೆ ಬಹಳ ಒಳ್ಳೆಯದು, ಯಾಕೆಂದರೆ ಅದು ತರಾಸು ಅವರ ಒಂದಲ್ಲ, ಮೂರು ಕಾದಂಬರಿಗಳಿಂದ ಬಂದದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ದೃಶ್ಯಗಳ ಪಟ್ಟಿ ಮಾಡಿಕೊಂಡು, ಮೂರು ಕಾದಂಬರಿಗೆ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡು, ಯಾವ ದೃಶ್ಯ ಎಲ್ಲಿಂದ ಬಂತೆಂದು ಅಂಚಿನಲ್ಲಿ ಗೆರೆ ಎಳೆಯಬೇಕು. ಬಣ್ಣ ಬೀಳದೆ ಉಳಿದ ದೃಶ್ಯಗಳ ಮುಂದೆ ನಾನು ಹೆಚ್ಚು ಹೊತ್ತು ಕೂರುತ್ತೇನೆ. ಅವು ಸಿನಿಮಾಕ್ಕೆಂದೇ ಹುಟ್ಟಿದವು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಬಣ್ಣ ಸಾಲದು, ಕಾಲಂ ಬೇಕು. ಅನಂತಮೂರ್ತಿಯವರ ಕಥೆಯ ಈ ಸಿನಿಮಾ ನಡೆಯುವುದು ನಾಣಿ ಎಂಬ ಹುಡುಗನ ಕಣ್ಣಿನ ಮೂಲಕ. ‘ನಾಣಿ ನೋಡುತ್ತಿದ್ದಾನೆ’, ‘ನಾಣಿ ಇದ್ದಾನೆ, ಆದರೆ ಅವನಿಗೆ ತಿಳಿದಿಲ್ಲ’, ‘ನಾಣಿ ಇಲ್ಲ’ ಎಂದು ಮೂರು ಕಾಲಂ ಹಾಕಿ ದೃಶ್ಯಗಳನ್ನು ತುಂಬಿಸಿ ನೋಡಿ. ನಡುವಿನ ಕಾಲಂ ತುಂಬುವಾಗ ಕೈ ಭಾರವಾಗುತ್ತದೆ. ಅವನು ಓದುತ್ತಿರುವ ಮನೆಯ ವಿಧವೆ ಮಗಳು ಯಮುನಕ್ಕನಿಗೆ ಆಗುತ್ತಿರುವುದು ನಮಗೆ ಗೊತ್ತು, ಅವಳ ಪಕ್ಕದಲ್ಲೇ ಇರುವ ನಾಣಿಗೆ ಪೂರ್ತಿ ಗೊತ್ತಿಲ್ಲ.

ಧಾರಾವಾಹಿಗೆ ಇಷ್ಟೆಲ್ಲ ಬೇಡ, ಕಂತಿಗೆ ಅರ್ಧ ಪುಟ ಸಾಕು. ‘ಹಿಂದಿನ ಸಂಚಿಕೆಯಲ್ಲಿ’ ಎಂದು ತೋರಿಸಿದ್ದನ್ನು ಕಳೆದು, ಒಂದೇ ಮಾತಿಗೆ ಎಷ್ಟು ಮುಖಗಳನ್ನು ಸರದಿಯಾಗಿ ತೋರಿಸಿದರು ಎಂದು ಎಣಿಸಿ, ಹೊಸದಾಗಿ ನಡೆದದ್ದು ಎಷ್ಟು ನಿಮಿಷ ಎಂದು ಬರೆದರೆ ಮುಗಿಯಿತು.

ಮೂರನೆಯ ದಿನ ಎಡಪುಟ ತೆರೆಯದೆ, ಸಿನಿಮಾದ ಬಗ್ಗೆ ನೆನಪಿರುವುದನ್ನು ಬಿಡಿ ಹಾಳೆಯಲ್ಲಿ ಬರೆಯುತ್ತೇನೆ. ಆಮೇಲೆ ತಾಳೆ ನೋಡುವುದು. ತಪ್ಪಾಗಿ ನೆನಪಿಟ್ಟ ದೃಶ್ಯಕ್ಕೆ ಸುತ್ತು ಹಾಕುತ್ತೇನೆ. ಇಲ್ಲದ ಕಣ್ಣೀರನ್ನು ನಾನೇ ಸೇರಿಸಿಕೊಂಡಿದ್ದರೆ, ಅದನ್ನು ಸೇರಿಸುವಂತೆ ಮಾಡಿದ್ದು ಸಿನಿಮಾದ ಯಾವ ಶಾಟು ಎಂದು ಹುಡುಕುತ್ತೇನೆ. ಬಲಪುಟ ಶುರುವಾಗುವುದು ಅಲ್ಲಿಂದ. ಹೆಸರುಗಳನ್ನು ಮಾತ್ರ ಟೈಟಲ್ ಕಾರ್ಡ್ ನಿಲ್ಲಿಸಿಯೇ ಬರೆದುಕೊಳ್ಳಬೇಕು. ನಿರ್ದೇಶಕ, ನಾಯಕರ ಹೆಸರು ಎಲ್ಲಿ ಬೇಕಾದರೂ ಸಿಗುತ್ತದೆ, ಸಂಕಲನಕಾರ, ಧ್ವನಿಗ್ರಾಹಕ, ಕಲಾ ನಿರ್ದೇಶಕರ ಹೆಸರು ಎಷ್ಟೋ ಸಲ ಆ ಕಾರ್ಡೊಂದರಲ್ಲೇ ಉಳಿದಿರುತ್ತದೆ.

200 ಪುಟದ ಪುಸ್ತಕದ ಕೊನೆಯ ಎಂಟು ಪುಟ ಅಕಾರಾದಿ ಸೂಚಿಗೆ ಮೀಸಲು. ಅದೇ ಸಿನಿಮಾವನ್ನು ವರ್ಷಗಳ ಮೇಲೆ ಮತ್ತೆ ನೋಡಿದರೆ ಹಳೆಯ ಬರಹವನ್ನು ತಿದ್ದುವುದಿಲ್ಲ. ಅದರ ಕೆಳಗೆ ತಾರೀಖು ಹಾಕಿ, ಬೇರೆ ಇಂಕಿನಲ್ಲಿ ಹೊಸತಾಗಿ ಬರೆಯುತ್ತೇನೆ. ಜಾಗ ಸಾಲದಿದ್ದರೆ ಹಾಳೆ ಅಂಟಿಸಲು ಮೈದಾ ಅಂಟು ಬಳಸಬೇಡಿ, ಅದಕ್ಕೆ ಹುಳ ಹತ್ತುತ್ತದೆ.